ಅಂಗಳದ ಕೆಂಡದ ಒಲೆ: ಕಡಿಮೆ ಖರ್ಚಿನಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ಸುಟ್ಟ ಬದನೆಕಾಯಿಯ ಗೊಜ್ಜು, ಕೆಂಡದ ಮೇಲೆ ಅರಳಿದ ಹಲಸಿನ ಹಪ್ಪಳ, ಮಸಾಲೆ ಹಚ್ಚಿ ಸುಟ್ಟ ಬಂಗುಡೆ, ಉಪ್ಪು-ಖಾರ ಸವರಿದ ಮೆಕ್ಕೆಜೋಳದ ತೆನೆ. ಗಡಿನಾಡಿನ ಯಾವ ಊರಿಗೆ ಹೋದರೂ ಕೆಂಡದಲ್ಲಿ ಸುಟ್ಟು ತಿನ್ನುವ ತಿನಿಸು ಒಂದಾದರೂ ಇದ್ದೇ ಇರುತ್ತದೆ. ಮನೆಯೊಳಗೆ ಗ್ಯಾಸ್ ಒಲೆ ಬಂದ ಮೇಲೆ ಸೌದೆ ಒಲೆ ಮೂಲೆ ಸೇರಿತು. ಆದರೆ ಕೆಂಡದ ರುಚಿಯ ಆಸೆ ಹೋಗಲಿಲ್ಲ. ಹೀಗಾಗಿ 'ಬಾರ್ಬೆಕ್ಯೂ', 'ಗ್ರಿಲ್' ಎಂಬ ಹೆಸರಿನ ಒಲೆಗಳು ಪೇಟೆಯ ಅಂಗಡಿಗಳಿಗೂ ಆನ್‌ಲೈನ್ ಮಾರಾಟಕ್ಕೂ ಬಂದಿವೆ. ಚಿತ್ರದಲ್ಲಿ ಎಲ್ಲವೂ ಚೆಂದ. ಮನೆಗೆ ತಂದು ನಾಲ್ಕು ಸಲ ಬೆಂಕಿ ಹಾಕಿದ ಮೇಲೆ ತಳ ಸೊಟ್ಟಗಾಗುವ, ಕಾಲು ಅಲುಗಾಡುವ, ಮಳೆಗಾಲ ಮುಗಿಯುವ ಮೊದಲೇ ತುಕ್ಕು ಹಿಡಿದು ಗುಜರಿ ಸೇರುವ ಒಲೆಗಳೂ ಅವುಗಳಲ್ಲಿವೆ.

ಕೆಂಡದ ಒಲೆಯ ಒಳ್ಳೆಯತನ ಅದರ ಡಬ್ಬಿಯ ಮೇಲಿನ ಹೆಸರಿನಲ್ಲಿ ಇಲ್ಲ. ಅದು ಮೂರೇ ಸಂಗತಿಗಳಲ್ಲಿ ಇದೆ: ತಗಡಿನ ದಪ್ಪ, ಗಾಳಿಯ ದಾರಿ, ಕೆಂಡಕ್ಕೂ ಜಾಲರಿಗೂ ನಡುವಿನ ಅಂತರ. ಈ ಮೂರನ್ನೂ ಕಣ್ಣು, ಕೈ, ತಕ್ಕಡಿ ಬಳಸಿ ಯಾರಾದರೂ ಪರೀಕ್ಷಿಸಬಹುದು. ಇವು ಸರಿಯಿದ್ದರೆ ಊರ ಕಮ್ಮಾರ ಮಾಡಿದ ಒಲೆಯೂ, ಅಂಗಳದಲ್ಲಿ ಜೋಡಿಸಿದ ಇಟ್ಟಿಗೆಯ ಒಲೆಯೂ ದುಬಾರಿ ಒಲೆಯಷ್ಟೇ ಕೆಲಸ ಮಾಡುತ್ತವೆ.

ಹೆಸರು ಹಲವು, ವಸ್ತು ಒಂದೇ

ಇದ್ದಿಲು ತುಂಬಿ ಕೆಂಡ ಮಾಡುವ ಸಣ್ಣ ಒಲೆಗೆ ಕನ್ನಡದಲ್ಲಿ ಅಗ್ಗಿಷ್ಟಿಕೆ, ಇದ್ದಿಲು ಒಲೆ, ಸಿಗಡಿ ಎಂಬ ಹೆಸರುಗಳಿವೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮರಾಠಿ ಅಂಗಡಿಯಲ್ಲಿ 'ಶೇಗಡಿ' ಎಂದು ಕೇಳಬೇಕು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ತೆಲುಗಿನಲ್ಲಿ ಅದು 'ಕುಂಪಟಿ'. ಹೊಸೂರು, ತಾಳವಾಡಿಯ ತಮಿಳಿನಲ್ಲಿ 'ಕುಮುಟ್ಟಿ ಅಡುಪ್ಪು'. ಈ ಒಲೆಯ ಬಾಯಿಯ ಮೇಲೆ ಕಂಬಿಯ ಜಾಲರಿ ಇಟ್ಟರೆ ಅದೇ ಗ್ರಿಲ್. ಪೇಟೆಯ ಗ್ರಿಲ್‌ಗೂ ಅಜ್ಜಿಯ ಸಿಗಡಿಗೂ ಇರುವ ವ್ಯತ್ಯಾಸ ಬಾಯಿಯ ಅಗಲದ್ದು ಮಾತ್ರ. ಸಿಗಡಿಯ ಬಾಯಿ ಒಂದು ಪಾತ್ರೆಗೆ ಸಾಕಾಗುವಷ್ಟು, ಗ್ರಿಲ್‌ನ ಬಾಯಿ ನಾಲ್ಕು ಮೀನು ಒಟ್ಟಿಗೆ ಹಿಡಿಸುವಷ್ಟು.

ಕೆಂಡ ಬೇಯಿಸುವ ಬಗೆ

ಸೌದೆಯ ಒಲೆಯಲ್ಲಿ ಜ್ವಾಲೆ ಪಾತ್ರೆಯನ್ನು ಕಾಯಿಸುತ್ತದೆ. ಗ್ರಿಲ್‌ನಲ್ಲಿ ಹಾಗಲ್ಲ. ಕೆಂಡದಿಂದ ಹೊಮ್ಮುವ ಕಾವು ನೇರವಾಗಿ ತಿನಿಸಿಗೆ ತಗಲುತ್ತದೆ. ಆದ್ದರಿಂದ ಜ್ವಾಲೆ ಇರುವಾಗ ಸುಡಬಾರದು. ಜ್ವಾಲೆ ಅಡಗಿ, ಇದ್ದಿಲಿನ ಮೇಲೆ ತೆಳ್ಳಗೆ ಬೂದಿ ಕಟ್ಟಿ, ಒಳಗೆ ಕೆಂಪಗಿರುವಾಗ ಸುಡಬೇಕು. ಹೊತ್ತಿಸಿದ ಮೇಲೆ ಈ ಹದಕ್ಕೆ ಬರಲು 20ರಿಂದ 30 ನಿಮಿಷ ಬೇಕು.

ಕೆಂಡದ ಮೇಲ್ಮೈಗೂ ಜಾಲರಿಗೂ 10ರಿಂದ 12 ಸೆಂ.ಮೀ. ಅಂತರ ಇರಬೇಕು, ಸುಮಾರು ಒಂದು ಅಂಗೈಯ ಅಗಲಕ್ಕಿಂತ ತುಸು ಹೆಚ್ಚು. ಇದಕ್ಕಿಂತ ಹತ್ತಿರವಾದರೆ ಹೊರಗೆ ಕರಕಲು, ಒಳಗೆ ಹಸಿ. ದೂರವಾದರೆ ತಿನಿಸು ಒಣಗಿ ಬೆಂಡಾಗುತ್ತದೆ. ಅಗ್ಗದ ಮಡಚುವ ಒಲೆಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ. ಅವುಗಳ ಪೆಟ್ಟಿಗೆಯ ಆಳ ಕಡಿಮೆ. ಇದ್ದಿಲು ಹಾಕಿದ ಮೇಲೆ ಉಳಿಯುವುದು ನಾಲ್ಕೈದು ಸೆಂ.ಮೀ. ಮಾತ್ರ.

ಕಾವನ್ನು ಅಳೆಯಲು ಸುಲಭದ ದಾರಿಯಿದೆ. ಜಾಲರಿಯಿಂದ ಸುಮಾರು 12 ಸೆಂ.ಮೀ. ಮೇಲೆ ಅಂಗೈ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಕೈ ತೆಗೆಯಬೇಕಾದರೆ ಕಾವು ಜೋರು. ಐದಾರು ಸೆಕೆಂಡು ತಡೆಯಬಹುದಾದರೆ ಹದ. ಮೀನಿಗೆ, ತರಕಾರಿಗೆ, ಕೋಳಿಗೆ ಹದ ಕಾವೇ ಒಳ್ಳೆಯದು.

ಎಷ್ಟು ದೊಡ್ಡ ಒಲೆ ಬೇಕು?

ಒಬ್ಬರ ಪಾಲಿನ ತಿನಿಸು ಸುಡಲು ಜಾಲರಿಯ ಮೇಲೆ ಸುಮಾರು 450 ಚದರ ಸೆಂ.ಮೀ. ಜಾಗ ಬೇಕು ಎಂಬುದು ಸಾಮಾನ್ಯ ಲೆಕ್ಕ. 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಜಾಲರಿಯಲ್ಲಿ ಮೂವರದು ಒಟ್ಟಿಗೆ ಆಗುತ್ತದೆ, ಎರಡು ಸರದಿಯಲ್ಲಿ ಆರು ಜನರ ಮನೆಗೆ ಸಾಕು. ಹಬ್ಬಕ್ಕೆ ಬರುವ ಇಪ್ಪತ್ತು ಜನರನ್ನು ನೆನೆದು ದೊಡ್ಡ ಒಲೆ ಕೊಂಡರೆ ವರ್ಷವಿಡೀ ಇದ್ದಿಲಿನ ಖರ್ಚು ಹೆಚ್ಚು. ದೊಡ್ಡ ಒಲೆಯನ್ನು ಸ್ವಲ್ಪ ತಿನಿಸಿಗಾಗಿ ಕಾಯಿಸಿದರೂ ತಳ ತುಂಬ ಕೆಂಡ ಬೇಕಾಗುತ್ತದೆ.

ಸಿಗುವ ಬಗೆಗಳು

ಮಣ್ಣಿನ ಒಲೆ: ಕುಂಬಾರರು ಮಾಡುವ ಸುಟ್ಟ ಮಣ್ಣಿನ ಸಿಗಡಿ ಎಲ್ಲಕ್ಕಿಂತ ಅಗ್ಗ. ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಇದ್ದಿಲು ಉಳಿಯುತ್ತದೆ, ತುಕ್ಕಿನ ಚಿಂತೆಯಿಲ್ಲ. ಬಾಯಿ ಸಣ್ಣದು, ಬಿದ್ದರೆ ಒಡೆಯುತ್ತದೆ, ಕಾದಾಗ ನೀರು ಬಿದ್ದರೆ ಸೀಳುತ್ತದೆ. ಇಬ್ಬರು ಮೂವರಿರುವ ಮನೆಗೆ ಬದನೆಕಾಯಿ, ಹಪ್ಪಳ, ತೆನೆ ಸುಡಲು ಇಷ್ಟೇ ಸಾಕು.

ಮಡಚುವ ತಗಡಿನ ಒಲೆ: ಸಣ್ಣ ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದು. ತಗಡು ತೆಳು. ವರ್ಷಕ್ಕೆ ಎರಡು ಮೂರು ಸಲ ಬಳಸುವವರಿಗೆ ನಡೆಯುತ್ತದೆ. ವಾರವಾರ ಬಳಸುವವರಿಗೆ ಅಲ್ಲ.

ಮುಚ್ಚಳದ ದುಂಡು ಒಲೆ: 1952ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಜಾರ್ಜ್ ಸ್ಟೀಫನ್ ಎಂಬವರು, ನೀರಿನಲ್ಲಿ ತೇಲಿಬಿಡುವ ಬೋಯ್‌ಗಳ ಲೋಹದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ್ದರಿಂದ ಈ ರೂಪ ಬಂತು. ಮುಚ್ಚಳ ಹಾಕಿದರೆ ಒಲೆಯೊಳಗೆ ಕಾವು ಸುತ್ತಿ ಇಡೀ ಕೋಳಿಯೂ ಒಂದೇ ಸಮ ಬೇಯುತ್ತದೆ. ಗಾಳಿ ಮಳೆಯಿಂದ ರಕ್ಷಣೆ ಸಿಗುತ್ತದೆ. ಅಡುಗೆ ಮುಗಿದ ಮೇಲೆ ಗಾಳಿಕಂಡಿಗಳನ್ನು ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮತ್ತೊಂದು ದಿನಕ್ಕೆ ಬರುತ್ತದೆ. ಬೆಲೆ ಮಾತ್ರ ಹೆಚ್ಚು. ಹಪ್ಪಳ, ಮೀನು, ತೆನೆ ಸುಡುವವರಿಗೆ ಮುಚ್ಚಳದ ಅಗತ್ಯವಿಲ್ಲ.

ಬೀಡುಕಬ್ಬಿಣದ ಒಲೆ: ಭಾರ, ಬಾಳಿಕೆ ಎರಡೂ ಹೆಚ್ಚು. ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಎಣ್ಣೆ ಸವರಿ ಇಡದಿದ್ದರೆ ತುಕ್ಕು. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಬಿರುಕು ಬಿಡುತ್ತದೆ.

ಅರ್ಧ ಡ್ರಮ್ಮಿನ ಒಲೆ: 200 ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡುವ ಒಲೆ ಡಾಬಾಗಳಲ್ಲಿ ಕಾಣುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಕೀಟನಾಶಕ, ರಾಸಾಯನಿಕ, ಬಣ್ಣ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸಬಾರದು. ಪೆಟ್ರೋಲ್, ಡೀಸೆಲ್, ಥಿನ್ನರ್ ಇದ್ದ ಡ್ರಮ್ಮನ್ನು ಗ್ಯಾಸ್ ಕಟ್ಟರಿನಿಂದ ಸೀಳುವಾಗ ಒಳಗೆ ಉಳಿದ ಆವಿ ಸಿಡಿದು ಪ್ರಾಣಕ್ಕೇ ಅಪಾಯ. ಮೊದಲು ಏನಿತ್ತು ಎಂದು ಗೊತ್ತಿಲ್ಲದ ಡ್ರಮ್ ಬೇಡವೇ ಬೇಡ.

ವಿದ್ಯುತ್ ಗ್ರಿಲ್: 2000 ವಾಟ್‌ನ ಗ್ರಿಲ್ ಒಂದು ಗಂಟೆಗೆ 2 ಯೂನಿಟ್ ವಿದ್ಯುತ್ ತಿನ್ನುತ್ತದೆ. ಅದು ಸುಮಾರು 9 ಆಂಪಿಯರ್ ಎಳೆಯುವುದರಿಂದ ದೀಪ, ಫ್ಯಾನಿನ 6 ಆಂಪಿಯರ್ ಸಾಕೆಟ್ಟಿಗೆ ಹಾಕಬಾರದು. 16 ಆಂಪಿಯರಿನ ದೊಡ್ಡ ಸಾಕೆಟ್, ಅರ್ಥಿಂಗ್ ಎರಡೂ ಬೇಕು. ಹೊಗೆಯಿಲ್ಲ, ಕೆಂಡದ ಘಮವೂ ಇಲ್ಲ.

ತಕ್ಕಡಿ ಹೇಳುವ ಸತ್ಯ

ತಗಡಿನ ದಪ್ಪವನ್ನು ಅಂಗಡಿಯವರು 'ಗೇಜ್' ಲೆಕ್ಕದಲ್ಲಿ ಹೇಳುತ್ತಾರೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂಬುದು ನೆನಪಿರಲಿ. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಗೇಜ್ ಸುಮಾರು 1.6 ಮಿ.ಮೀ., 22 ಗೇಜ್ ಸುಮಾರು 0.7 ಮಿ.ಮೀ. ಕೆಂಡದ ಕಾವಿಗೆ ತೆಳು ತಗಡು ಬೇಗ ಸೊಟ್ಟಗಾಗುತ್ತದೆ, ಬೇಗ ತೂತು ಬೀಳುತ್ತದೆ.

ಅಂಗಡಿಯವರು ಹೇಳಿದ ಗೇಜನ್ನು ನಂಬಬೇಕೇ? ತಕ್ಕಡಿಗೆ ಹಾಕಿ ನೋಡಿದರೆ ಸಾಕು. 1 ಮಿ.ಮೀ. ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ತೆರೆದ ಪೆಟ್ಟಿಗೆಗೆ ಸುಮಾರು 0.43 ಚದರ ಮೀಟರ್ ತಗಡು ಬೇಕು. ಅಂದರೆ ಕಾಲು, ಜಾಲರಿ ಬಿಟ್ಟು ಬರಿಯ ಪೆಟ್ಟಿಗೆಯ ತೂಕ ಹೀಗೆ:

2 ಮಿ.ಮೀ. ತಗಡಾದರೆ ಸುಮಾರು 6.8 ಕಿಲೋ
1.6 ಮಿ.ಮೀ. ಆದರೆ ಸುಮಾರು 5.4 ಕಿಲೋ
1 ಮಿ.ಮೀ. ಆದರೆ ಸುಮಾರು 3.4 ಕಿಲೋ
ಅರ್ಧ ಮಿ.ಮೀ. ಆದರೆ ಸುಮಾರು 1.7 ಕಿಲೋ

ಈ ಅಳತೆಯ ಒಲೆ ಇಡೀ ಡಬ್ಬಿಯ ಸಮೇತ ಮೂರು ಕಿಲೋ ಕೂಡ ತೂಗದಿದ್ದರೆ ಅದು ಎಷ್ಟು ದಿನ ಬಾಳೀತು ಎಂದು ಹೇಳಬೇಕಾಗಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವವರು ಚಿತ್ರ ನೋಡುವ ಮೊದಲು ವಿವರದಲ್ಲಿ ಬರೆದ ತೂಕ, ಉದ್ದ, ಅಗಲ, ಆಳವನ್ನು ನೋಡಬೇಕು. ಚಿತ್ರದಲ್ಲಿ ದೊಡ್ಡದಾಗಿ ಕಂಡ ಒಲೆ ಮನೆಗೆ ಬಂದಾಗ ಒಂದು ರೊಟ್ಟಿಯಗಲ ಇರುವುದುಂಟು.

ಜಾಲರಿಯ ಆಯ್ಕೆ

ತಿನಿಸು ತಗಲುವುದು ಜಾಲರಿಗೆ. ಆದ್ದರಿಂದ ಹಣ ಉಳಿಸುವುದಾದರೆ ಬೇರೆ ಕಡೆ ಉಳಿಸಿ, ಇಲ್ಲಿ ಬೇಡ. 6 ಮಿ.ಮೀ. ಸಾದಾ ಕಬ್ಬಿಣದ ಕಂಬಿಗಳನ್ನು ಒಂದೂವರೆ ಸೆಂ.ಮೀ. ಸಂದು ಬಿಟ್ಟು, 8 ಮಿ.ಮೀ. ಕಂಬಿಯ ಚೌಕಟ್ಟಿಗೆ ಬೆಸೆದರೆ 45-30ರ ಜಾಲರಿ ಸುಮಾರು 2 ಕಿಲೋ ತೂಗುತ್ತದೆ. ಕಟ್ಟಡಕ್ಕೆ ಬಳಸುವ ಏಣುಗಳಿರುವ ಕಂಬಿಗಿಂತ ನುಣುಪಾದ ಕಂಬಿ ಒಳ್ಳೆಯದು, ತಿಕ್ಕಿ ತೊಳೆಯಲು ಸುಲಭ. ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಸಿಕ್ಕರೆ ಇನ್ನೂ ಒಳ್ಳೆಯದು, ವಿಶೇಷವಾಗಿ ಕರಾವಳಿಯಲ್ಲಿ. 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಅಂಟಿದರೂ ಅತಿ ಮೆಲ್ಲಗೆ. ಗಟ್ಟಿಯಾಗಿ ಅಂಟಿದರೆ ಅದು ಕಡಿಮೆ ದರ್ಜೆಯದು.

ಬಳಸಲೇಬಾರದ ಜಾಲರಿಗಳು ಇವು:

ಜಿಐ ತಂತಿ, ಜಿಐ ಮೆಶ್: ಬೇಲಿಗೆ, ಕೋಳಿಗೂಡಿಗೆ ಹಾಕುವ ಈ ಜಾಲರಿಗೆ ಸತುವಿನ ಲೇಪ ಇರುತ್ತದೆ. ಸತು 419 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕೆಂಡ ಅದಕ್ಕಿಂತ ಹೆಚ್ಚು ಬಿಸಿ. ಸತುವಿನ ಹೊಗೆ ಕುಡಿದರೆ ಚಳಿಜ್ವರ, ಎದೆಬಿಗಿತ ಬರುತ್ತದೆ.
ಹಳೆಯ ಫ್ರಿಜ್ಜಿನ ಕಂಬಿ ತಟ್ಟೆ: ಇವುಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ ಎಂಬ ವಿಷಲೋಹದ ಲೇಪ ಇದ್ದಿತು. ಪ್ಲಾಸ್ಟಿಕ್ ಹೊದಿಕೆಯವೂ ಇವೆ.
ಬಣ್ಣ ಬಳಿದ ಕಿಟಕಿ ಸರಳು: ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿದೆ.
ಹೊಳೆಯುವ ಲೇಪ ಸಿಪ್ಪೆ ಏಳುತ್ತಿರುವ ಜಾಲರಿ: ಚೂರುಗಳು ತಿನಿಸಿನಲ್ಲಿ ಸೇರುತ್ತವೆ.

ಕಮ್ಮಾರರಲ್ಲಿ ಮಾಡಿಸುವುದಾದರೆ

ಊರಿನ ಕಮ್ಮಾರರು ಅಥವಾ ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಈ ಒಲೆ ಮಾಡಿಕೊಡಬಲ್ಲರು. ಬೆಲೆ ಕೇಳುವಾಗ ಕಬ್ಬಿಣದ ತೂಕಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿದರೆ ಲೆಕ್ಕ ಸ್ಪಷ್ಟ. ಹೇಳಬೇಕಾದ ಅಳತೆಗಳು ಹೀಗಿವೆ:

ಪೆಟ್ಟಿಗೆ: 45 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 20 ಸೆಂ.ಮೀ. ಆಳ. 14 ಅಥವಾ 16 ಗೇಜ್ ಕಪ್ಪು ತಗಡು. ಜಿಐ ತಗಡು ಬೇಡ, ಬಣ್ಣ ಬೇಡ.
ಕೆಳ ಜಾಲರಿ: ತಳದಿಂದ 4 ಸೆಂ.ಮೀ. ಮೇಲೆ. ಇದ್ದಿಲು ಇದರ ಮೇಲೆ ಕೂರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಬೂದಿಯಲ್ಲಿ ಹೂತ ಇದ್ದಿಲಿಗೆ ಗಾಳಿ ಸಿಗದು, ಆದ್ದರಿಂದ ಈ ಜಾಲರಿ ಇಲ್ಲದ ಒಲೆ ನಡುವೆ ನಡುವೆ ಆರುತ್ತದೆ.
ಗಾಳಿಕಂಡಿ: ಎರಡೂ ಉದ್ದ ಬದಿಗಳ ತಳದಲ್ಲಿ 12 ಮಿ.ಮೀ.ಯ ಐದೈದು ತೂತು. ಒಂದು ಬದಿಗೆ ಸರಿಸುವ ಪಟ್ಟಿ ಹಾಕಿಸಿದರೆ ಕಾವು ಹೆಚ್ಚು ಕಡಿಮೆ ಮಾಡಬಹುದು.
ಮೇಲಿನ ಜಾಲರಿ: ಪೆಟ್ಟಿಗೆಯ ಬಾಯಿಯ ಮೇಲೆ. ಎತ್ತಿ ತೆಗೆಯಲು ಎರಡು ಹಿಡಿ. ಇದ್ದಿಲಿನ ಪದರ 4 ಸೆಂ.ಮೀ. ಇದ್ದರೆ ಬೇಕಾದ 12 ಸೆಂ.ಮೀ. ಅಂತರ ತಾನಾಗಿ ಉಳಿಯುತ್ತದೆ.
ಕಾಲು: 60 ಸೆಂ.ಮೀ. ಆಂಗಲ್. ಕೆಳಗೆ ಹೊರಕ್ಕೆ ತುಸು ಚಾಚಿರಲಿ, ಮಕ್ಕಳು ತಾಗಿದರೂ ಮಗುಚದಂತೆ.

ಹೊಸ ಒಲೆಯಲ್ಲಿ ಮೊದಲ ಸಲ ತಿನಿಸು ಇಡದೆ ಅರ್ಧ ಗಂಟೆ ಕೆಂಡ ಉರಿಸಬೇಕು. ತಗಡಿನ ಮೇಲಿನ ಎಣ್ಣೆ, ವೆಲ್ಡಿಂಗ್ ಕಸ ಸುಟ್ಟುಹೋಗುತ್ತದೆ. ಆಮೇಲೆ ಜಾಲರಿಯನ್ನು ತಿಕ್ಕಿ, ಅಡುಗೆ ಎಣ್ಣೆ ಸವರಿ ಇಡಬೇಕು.

ಇಟ್ಟಿಗೆಯ ಒಲೆ: ಎಲ್ಲಕ್ಕಿಂತ ಅಗ್ಗ

ಮನೆ ಕಟ್ಟಿ ಉಳಿದ ಇಟ್ಟಿಗೆ ಇದ್ದವರಿಗೆ ಖರ್ಚು ಜಾಲರಿಗಳದು ಮಾತ್ರ. 23-11-7.5 ಸೆಂ.ಮೀ. ಅಳತೆಯ ಸುಟ್ಟ ಇಟ್ಟಿಗೆಯಾದರೆ ಮೂರು ಬದಿಯ ಒಂದು ವರಸೆಗೆ 6 ಇಟ್ಟಿಗೆ ಬೇಕು: ಹಿಂದೆ 3, ಎರಡು ಬದಿಗೆ ಒಂದೂವರೆಯಂತೆ 3. ಒಂಬತ್ತು ವರಸೆಗೆ 54. ಮುಂಭಾಗ ತೆರೆದಿರಲಿ. ಆರನೆಯ ವರಸೆಯ ಮೇಲೆ ಇದ್ದಿಲಿನ ಜಾಲರಿ, ಎಂಟನೆಯ ವರಸೆಯ ಮೇಲೆ ತಿನಿಸಿನ ಜಾಲರಿ. ನಡುವೆ ಎರಡು ಇಟ್ಟಿಗೆಯ ಎತ್ತರ 15 ಸೆಂ.ಮೀ., ಇದ್ದಿಲಿನ ಪದರ ಕಳೆದರೆ 11 ಸೆಂ.ಮೀ. ಉಳಿಯಿತು. ಒಂಬತ್ತನೆಯ ವರಸೆ ಗಾಳಿಗೆ ಮರೆ. ಒಳಗಿನ ಅಗಲ 45 ಸೆಂ.ಮೀ. ಆದರೆ ಜಾಲರಿ 55 ಸೆಂ.ಮೀ. ಇರಬೇಕು, ಎರಡೂ ಕಡೆ ಇಟ್ಟಿಗೆಯ ಮೇಲೆ ಕೂರಲು.

ಸಂದುಗಳಿಗೆ ಸಿಮೆಂಟ್ ಬೇಡ, ಕಾವಿಗೆ ಅದು ಬಿರಿಯುತ್ತದೆ. ಜೇಡಿಮಣ್ಣು, ಮರಳು ಕಲಸಿದ ಗಾರೆ ಸಾಕು. ಬರಿದೆ ಜೋಡಿಸಿಟ್ಟರೂ ನಡೆಯುತ್ತದೆ, ಬೇಡವಾದಾಗ ಬಿಚ್ಚಿಡಬಹುದು. ಹೊಳೆಯಿಂದ ತಂದ ಒದ್ದೆ ಕಲ್ಲನ್ನು ಬೆಂಕಿಯ ಹತ್ತಿರ ಇಡಬಾರದು. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಇದ್ದಿಲು: ಹೆಸರಿನಲ್ಲಿ ಮೋಸಹೋಗಬೇಡಿ

ಎರಡು ಭಾಷೆಯ ಊರಿನಲ್ಲಿ ಇದ್ದಿಲು ಕೇಳುವಾಗ ತೊಡಕು ಬರುವುದುಂಟು. ಬೇಕಾದ್ದು ಮರದ ಇದ್ದಿಲು. ಗಣಿಯ ಕಲ್ಲಿದ್ದಲು ಅಲ್ಲ. ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕ ಮುಂತಾದವು ಇರುತ್ತವೆ, ಅದರ ಮೇಲೆ ನೇರವಾಗಿ ತಿನಿಸು ಸುಡಬಾರದು. ಮರಾಠಿಯಲ್ಲಿ ಬರಿದೆ 'ಕೋಳಸಾ' ಎಂದರೆ ಎರಡೂ ಆಗಬಹುದು, 'ಲಾಕಡಿ ಕೋಳಸಾ' ಎಂದು ಬಿಡಿಸಿ ಕೇಳಬೇಕು, 'ದಗಡಿ ಕೋಳಸಾ' ಬೇಡ. ತೆಲುಗಿನಲ್ಲಿ 'ಕಟ್ಟೆ ಬೊಗ್ಗು' ಬೇಕು, 'ರಾಕಾಸಿ ಬೊಗ್ಗು' ಬೇಡ. ತಮಿಳಿನಲ್ಲಿ 'ಅಡುಪ್ಪುಕ್ಕರಿ' ಬೇಕು, 'ನಿಲಕ್ಕರಿ' ಬೇಡ. ಮಲಯಾಳದಲ್ಲಿ 'ಮರಕ್ಕರಿ' ಅಥವಾ 'ಚಿರಟ್ಟಕ್ಕರಿ' ಬೇಕು, 'ಕಲ್ಕರಿ' ಬೇಡ.

ಕಾಸರಗೋಡು ಕಡೆ ತೆಂಗಿನ ಗೆರಟೆಯ (ಕರಟದ) ಇದ್ದಿಲು ಉತ್ತಮ. ಹೊಗೆ ಕಡಿಮೆ, ಕಾವು ಹೆಚ್ಚು ಹೊತ್ತು. ಒಣ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಇದ್ದಿಲು ಹೇರಳ. ಅದೇ ಮರ ತೆಲುಗರಿಗೆ 'ಸರ್ಕಾರಿ ತುಮ್ಮ', ತಮಿಳರಿಗೆ 'ಸೀಮೈ ಕರುವೇಲಂ'. ಒಳ್ಳೆಯ ಇದ್ದಿಲು ಒಂದಕ್ಕೊಂದು ತಾಗಿಸಿದರೆ ಲೋಹದಂತೆ ಟಣಟಣ ಎನ್ನುತ್ತದೆ, ಮುರಿದರೆ ಒಳಗೂ ಕಪ್ಪಾಗಿ ಹೊಳೆಯುತ್ತದೆ. ಒಳಗೆ ಕಂದು ಬಣ್ಣವಿದ್ದರೆ ಅರ್ಧ ಸುಟ್ಟದ್ದು, ಹೊಗೆಯಾಡುತ್ತದೆ. ಕೈಗೆ ಭಾರವಾಗಿ, ತಂಪಾಗಿ ಇದ್ದರೆ ನೀರು ಹೀರಿದ್ದು. ಬಣ್ಣ ಬಳಿದ ಬಾಗಿಲು, ಪ್ಲೈವುಡ್, ಪ್ಯಾಕಿಂಗ್ ಹಲಗೆ ಸುಟ್ಟ ಕೆಂಡದಲ್ಲಿ ಅಡುಗೆ ಬೇಡ. ಬೇಲಿಯ ಕಣಗಿಲೆ ಕಡ್ಡಿಯನ್ನು ಮಾಂಸ ಚುಚ್ಚಲೂ ಬೆಂಕಿಗೂ ಬಳಸಬಾರದು, ಅದು ವಿಷ.

ಸಾಮಾನ್ಯ ಮಣ್ಣಿನ ಗೂಡಿನಲ್ಲಿ 1 ಕಿಲೋ ಇದ್ದಿಲಿಗೆ 5ರಿಂದ 8 ಕಿಲೋ ಕಟ್ಟಿಗೆ ಹೋಗುತ್ತದೆ. ಆದ್ದರಿಂದ ಕೆಂಡದ ಒಲೆ ವಾರಕ್ಕೊಮ್ಮೆಯ ರುಚಿಗೆ ಸರಿ, ದಿನದ ಅಡುಗೆಗೆ ಅಲ್ಲ.

ಗಡಿ ದಾಟಿಸುವವರಿಗೆ ಇನ್ನೊಂದು ಮಾತು. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಇದ್ದಿಲು ಎಲ್ಲಿ ಸಿಕ್ಕಿದ್ದಾದರೂ 'ಅರಣ್ಯ ಉತ್ಪನ್ನ'. ರಾಜ್ಯಗಳ ಅರಣ್ಯ ಕಾನೂನುಗಳೂ ಇದನ್ನು ಸೇರಿಸಿವೆ. ಮೂಟೆಗಟ್ಟಲೆ ಇದ್ದಿಲನ್ನು ಪಕ್ಕದ ರಾಜ್ಯದಿಂದ ತರುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ಪಾಸ್ ಬೇಕೇ ಎಂದು ವಿಚಾರಿಸಬೇಕು. ವಯನಾಡು, ತಾಳವಾಡಿ, ನೀಲಗಿರಿಯ ದಾರಿಗಳಲ್ಲಿ ಚೆಕ್‌ಪೋಸ್ಟ್ ಇರುವುದರಿಂದ ಇದು ಮುಖ್ಯ. ಅಂಗಡಿಯ ಬಿಲ್ ಜೊತೆಯಲ್ಲಿರಲಿ.

ಹೊತ್ತಿಸುವುದು, ಸುಡುವುದು

ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಬೇಡ. ವಾಸನೆ ತಿನಿಸಿಗೆ ಹಿಡಿಯುತ್ತದೆ, ಭಗ್ಗೆಂದು ಎದ್ದ ಬೆಂಕಿ ಮುಖಕ್ಕೆ ಹೊಡೆಯುತ್ತದೆ. ಹಳೆಯ ಎಣ್ಣೆ ಡಬ್ಬಿಯ ಎರಡೂ ಕಡೆ ತೆಗೆದು, ಕೆಳಭಾಗದಲ್ಲಿ ಸುತ್ತಲೂ ತೂತು ಹೊಡೆದು, ಒಳಗೆ ತಂತಿ ಅಡ್ಡಹಾಕಿದರೆ ಹೊತ್ತಿಸುವ ಕೊಳವೆ ಸಿದ್ಧ. ಕೆಳಗೆ ಒಣ ತೆಂಗಿನ ನಾರು ಅಥವಾ ಕಾಗದ, ಮೇಲೆ ಇದ್ದಿಲು. ಗಾಳಿ ತಾನಾಗಿ ಮೇಲಕ್ಕೆ ಎಳೆಯುತ್ತದೆ, ಬೀಸಣಿಗೆ ಬೇಡ.

ಕೆಂಡವನ್ನು ಒಲೆಯ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹರಡುವುದು ಜಾಣತನ. ಜೋರು ಕಾವಿನಲ್ಲಿ ಬಣ್ಣ ಬಂದ ಕೋಳಿಯ ತುಂಡನ್ನು ಮೆಲ್ಲನೆಯ ಕಡೆಗೆ ಸರಿಸಿ ಒಳಗೂ ಬೇಯಿಸಬಹುದು. ಕೋಳಿಮಾಂಸದ ಒಳಗಿನ ಕಾವು 74 ಡಿಗ್ರಿ ಮುಟ್ಟಿದರೆ ಸುರಕ್ಷಿತ. ಉಷ್ಣಮಾಪಕ ಇಲ್ಲದವರು ದಪ್ಪ ತುಂಡನ್ನು ಎಲುಬಿನವರೆಗೆ ಸೀಳಿ ನೋಡಬೇಕು. ಒಳಗೆ ಕೆಂಪು ರಸ, ಹಸಿ ಹೊಳಪು ಕಂಡರೆ ಇನ್ನೂ ಬೇಯಬೇಕು. ಹುಣಸೆ, ನಿಂಬೆ, ಉಪ್ಪು ಹಚ್ಚಿದ್ದನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತುವುದಕ್ಕಿಂತ ಬಾಳೆಎಲೆ ಮೇಲು. ಕಪ್ಪಗೆ ಕರಕಲಾದ ಭಾಗವನ್ನು ತೆಗೆದು ತಿನ್ನಬೇಕು. ಸಿಪ್ಪೆ ಸಮೇತ ಗೇರುಬೀಜ ಸುಡುವವರು ಅದೇ ಜಾಲರಿಯಲ್ಲಿ ತಿನಿಸು ಸುಡಬಾರದು. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಬೊಬ್ಬೆ ಏಳುತ್ತದೆ, ಅದರ ಹೊಗೆಯೂ ಕೆಟ್ಟದ್ದು.

ಮನೆಯೊಳಗೆ ತರಲೇಬಾರದು

ಇದು ಜೀವಕ್ಕೆ ಸಂಬಂಧಿಸಿದ ಮಾತು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾಡದ ಕೆಂಡದಿಂದಲೂ ಬರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಮಲಗಿದವರಿಗೆ ಉಸಿರುಗಟ್ಟುತ್ತಿರುವುದು ತಿಳಿಯುವುದೇ ಇಲ್ಲ. ಚಳಿ ತಡೆಯಲು ಕೋಣೆಯೊಳಗೆ ಕೆಂಡ ಇಟ್ಟು, ಬಾಗಿಲು ಹಾಕಿ ಮಲಗಿದವರು ಬೆಳಗ್ಗೆ ಏಳದ ಸುದ್ದಿಗಳು ಚಳಿಗಾಲದಲ್ಲಿ ಬರುತ್ತಲೇ ಇರುತ್ತವೆ.

ಅಡುಗೆ ಮುಗಿದ ಮೇಲೆ "ಇನ್ನೂ ಕೆಂಡ ಇದೆ, ಬೆಚ್ಚಗಿರಲಿ" ಎಂದು ಒಲೆಯನ್ನು ಒಳಗೆ ತರುವುದೇ ದೊಡ್ಡ ತಪ್ಪು. ನೀಲಗಿರಿ, ವಯನಾಡಿನ ಚಳಿಯಲ್ಲಿ ಈ ಆಸೆ ಸಹಜ, ಆದರೂ ಬೇಡ. ಬಾಣಂತಿ ಮತ್ತು ಎಳೆಗೂಸಿನ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಹಿರಿಯರ ಕಾಳಜಿ ದೊಡ್ಡದು. ಆದರೆ ಹಂಚಿನ ಸಂದಿನಿಂದ ಗಾಳಿಯಾಡುತ್ತಿದ್ದ ಹಳೆಯ ಮನೆ ಬೇರೆ, ಕಿಟಕಿಗೆ ಗಾಜು ಹಾಕಿದ ಇಂದಿನ ಆರ್‌ಸಿಸಿ ಕೋಣೆ ಬೇರೆ. ಬೆಚ್ಚಗಿಡಲು ಕಂಬಳಿ, ಕುಲಾವಿ ಸಾಕು. ಲೋಬಾನ ಹಾಕುವುದಾದರೆ ಬಾಗಿಲು ಕಿಟಕಿ ತೆರೆದು ಹಾಕಿ, ಕೂಡಲೇ ಕೆಂಡವನ್ನು ಹೊರಗೆ ಒಯ್ಯಬೇಕು.

ತಲೆನೋವು, ತಲೆಸುತ್ತು, ವಾಂತಿ, ಮಂಕು ಇದರ ಲಕ್ಷಣ. ಒಂದೇ ಕೋಣೆಯ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಅನುಮಾನ ಬೇಡ. ಬಾಗಿಲು ತೆರೆದು, ಎಲ್ಲರನ್ನೂ ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿಯೂ ಸುತ್ತಲಿನ ಐದು ರಾಜ್ಯಗಳಲ್ಲಿಯೂ ಗೋವಾದಲ್ಲಿಯೂ ಆಂಬ್ಯುಲೆನ್ಸಿಗೆ ಇದೇ ಸಂಖ್ಯೆ.

ಒಲೆ ಇಡುವ ಜಾಗ ಮನೆಯ ಗೋಡೆ, ಮಡಲಿನ ಚಪ್ಪರ, ಮೇವಿನ ಬಣವೆ, ಕಬ್ಬಿನ ಗದ್ದೆಯಿಂದ ಕನಿಷ್ಠ 10 ಅಡಿ ದೂರವಿರಲಿ. ಬೇಸಗೆಯ ಗಾಳಿಯಲ್ಲಿ ಬಣವೆಗೆ ಅದೂ ಸಾಲದು. ಪಕ್ಕದಲ್ಲಿ ಒಂದು ಬಕೆಟ್ ನೀರು ಅಥವಾ ಮರಳು ಬೇಕೇ ಬೇಕು. ಬೂದಿಯೊಳಗೆ ಕೆಂಡ ಒಂದೆರಡು ದಿನವೂ ಜೀವ ಹಿಡಿದಿರಬಲ್ಲದು. ಅದನ್ನು ನೇರವಾಗಿ ತಿಪ್ಪೆಗೆ ಎಸೆದರೆ ರಾತ್ರಿ ಬೆಂಕಿ ಏಳುತ್ತದೆ. ನೀರು ಹಾಕಿ ಕಲಸಿ, ಪೂರ್ತಿ ತಣ್ಣಗಾದ ಮೇಲೆ ತೆಂಗಿನ ಬುಡಕ್ಕೆ ಹಾಕಬಹುದು.

ಬಿಲ್ ಮತ್ತು ದೂರು

ಗಡಿಯವರು ಒಂದು ರಾಜ್ಯದಲ್ಲಿ ಬಾಳಿ ಇನ್ನೊಂದು ರಾಜ್ಯದಲ್ಲಿ ಕೊಳ್ಳುವುದು ಸಾಮಾನ್ಯ. ಅಕ್ಕಲಕೋಟದವರು ಕಲಬುರಗಿಯಲ್ಲಿ, ಮಡಕಶಿರಾದವರು ತುಮಕೂರಿನಲ್ಲಿ ಕೊಂಡ ವಸ್ತು ಕೆಟ್ಟರೆ ಎಲ್ಲಿ ದೂರುವುದು? 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಆನ್‌ಲೈನ್ ಖರೀದಿಗೂ ಇದು ಅನ್ವಯ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಬಿಲ್ ಇಲ್ಲದಿದ್ದರೆ ಇವೆಲ್ಲ ಕಷ್ಟ.

ಯಾವ ಊರಿಗೆ ಯಾವ ಒಲೆ?

ಕಾಸರಗೋಡು, ಗೋವಾ: ಮಳೆ, ಉಪ್ಪುಗಾಳಿ ಎರಡೂ ಕಬ್ಬಿಣಕ್ಕೆ ಶತ್ರು. ಇಟ್ಟಿಗೆಯ ಒಲೆ, ಸ್ಟೇನ್‌ಲೆಸ್ ಜಾಲರಿ ಹೊಂದುತ್ತವೆ. ಮಳೆಗಾಲದಲ್ಲಿ ಜಾಲರಿಯನ್ನು ಎಣ್ಣೆ ಸವರಿ ಒಳಗಿಡಬೇಕು.
ವಯನಾಡು, ನೀಲಗಿರಿ: ತಂಪು ಗಾಳಿಗೆ ಕಾವು ಬೇಗ ಇಳಿಯುತ್ತದೆ. ದಪ್ಪ ತಗಡು ಅಥವಾ ಮುಚ್ಚಳದ ಒಲೆ ಉಪಯುಕ್ತ. ಕಾಡಿನಂಚಿನಲ್ಲಿ ಬೇಸಗೆಯ ಕಿಡಿ ಅಪಾಯ.
ಹೊಸೂರು, ತಾಳವಾಡಿ: ಕಮ್ಮಾರರು ಮಾಡಿದ ಪೆಟ್ಟಿಗೆ ಒಲೆ ಎಲ್ಲ ಕಾಲಕ್ಕೂ ನಡೆಯುತ್ತದೆ.
ಸೊಲ್ಲಾಪುರ, ಅಕ್ಕಲಕೋಟ, ಜತ್ತ: ಎಳೆ ಜೋಳದ ಸೀತನಿ (ಹುರಡಾ) ಸುಡಲು ನೆಲದ ಕುಣಿ, ಕುಳ್ಳಿನ ಕೆಂಡಕ್ಕೆ ಸಮ ಬೇರೆಯಿಲ್ಲ, ಅದಕ್ಕೆ ಒಲೆ ಕೊಳ್ಳಬೇಕಿಲ್ಲ. ಉಳಿದದ್ದಕ್ಕೆ ಗಾಳಿಮರೆ ಇರುವ ಇಟ್ಟಿಗೆಯ ಒಲೆ.
ಆದವಾನಿ, ರಾಯದುರ್ಗ, ಮಡಕಶಿರಾ, ಪಶ್ಚಿಮ ತೆಲಂಗಾಣ: ಒಣ ಹವೆಯಲ್ಲಿ ತುಕ್ಕು ಕಡಿಮೆ. ಸಾದಾ ಕಬ್ಬಿಣದ ಒಲೆ ವರ್ಷಗಟ್ಟಲೆ ಬಾಳುತ್ತದೆ.

ಕೊಳ್ಳುವ ಮುನ್ನ ಆರು ಪ್ರಶ್ನೆ

1. ತೂಕ ಎಷ್ಟು? ಅಳತೆಗೆ ತಕ್ಕ ತೂಕ ಇದೆಯೇ?
2. ಇದ್ದಿಲು ಹಾಕಿದ ಮೇಲೆ ಜಾಲರಿಗೆ 10 ಸೆಂ.ಮೀ. ಅಂತರ ಉಳಿಯುತ್ತದೆಯೇ?
3. ಇದ್ದಿಲಿಗೆ ಬೇರೆ ಜಾಲರಿ, ಬೂದಿಗೆ ಜಾಗ, ಗಾಳಿಗೆ ಕಂಡಿ ಇವೆಯೇ?
4. ಸತುವಿನ ಲೇಪ, ಬಣ್ಣ, ಪ್ಲಾಸ್ಟಿಕ್ ಬೆಂಕಿಗೆ ತಾಗುವ ಕಡೆ ಇದೆಯೇ?
5. ಕೈಯಿಂದ ಅಲುಗಾಡಿಸಿದರೆ ಕಾಲು ಗಟ್ಟಿಯಾಗಿ ನಿಲ್ಲುತ್ತದೆಯೇ?
6. ಬಿಲ್ ಕೊಡುತ್ತಾರೆಯೇ?

ಆರಕ್ಕೂ ಸರಿಯಾದ ಉತ್ತರ ಸಿಕ್ಕರೆ ಅಗ್ಗದ್ದನ್ನೇ ಧೈರ್ಯವಾಗಿ ಕೊಳ್ಳಬಹುದು. ಸಿಗದಿದ್ದರೆ 54 ಇಟ್ಟಿಗೆ, ಎರಡು ಜಾಲರಿ ಸಾಕು. ಒಲೆ ಯಾವುದಾದರೂ ಅದರ ಜಾಗ ಅಂಗಳ. ಕೆಂಡ ಆರುವ ತನಕ ಅದು ಹೊಸ್ತಿಲು ದಾಟಿ ಒಳಗೆ ಬರಬಾರದು.